‘ಗಿ’ ಇಲ್ಲದ ಪರವಾಗಿಲ್ಲ

ಹಂಸಾ ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದು ಹನ್ನೊಂದು ವರ್ಷವಾಯಿತು. ಊರು ತಿಪಟೂರು. ತಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರಂತೆ. ಅದಕ್ಕೋ ಏನೋ, ಅವಳ ಮಾತಿನಲ್ಲಿ ಪೂರ್ಣವಿರಾಮ ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ. ಓದಲೆಂದು ಇಪ್ಪತ್ತಮೂರನೇ ವಯಸ್ಸಿಗೆ ದೆಹಲಿಗೆ ಬಂದವಳು ಓದು ಮುಗಿದ ಮೇಲೂ ಇಲ್ಲೇ ಉಳಿದಳು. ಈಗ ನಲವತ್ತನಾಲ್ಕು. ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಗ್ರೇಟರ್ ನೋಯ್ಡಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಕೆಲಸ ಕಾಯಂ ಅಲ್ಲ, ಪ್ರತಿ ಜೂನಿನಲ್ಲಿ ಹೊಸ ಕಾಗದ ಬರಬೇಕು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಲಕ್ಷ್ಮೀ ನಗರದಲ್ಲಿ ಮೆಟ್ರೊ ಹತ್ತಿದರೆ, ನಡುವೆ ಒಮ್ಮೆ ಬದಲಿಸಿ, ನೋಯ್ಡಾದಲ್ಲಿ ಇಳಿದು, ಇನ್ನೊಂದು ಗಾಡಿ ಹತ್ತಿ, ಒಂಬತ್ತಕ್ಕೆ ಅಲ್ಲಿ. ನಮ್ಮ ಗಲ್ಲಿಯ ಕರೆಂಟು ಕಂಬಗಳ ತುಂಬ ಕೋಚಿಂಗಿನವರು ಅಂಟಿಸಿದ ಮಕ್ಕಳ ಮುಖಗಳು, ಒಂದೊಂದು ಮುಖದ ಕೆಳಗೆ ಒಂದೊಂದು ರ‍್ಯಾಂಕು. ಅವುಗಳ ನಡುವೆ ತಲೆ ತಗ್ಗಿಸಿ ನಡೆದುಹೋಗುತ್ತಾಳೆ. ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ವಾಪಸ್ಸು. ಊಟ ನನ್ನ ಜೊತೆ.

ಬಂದ ಹೊಸತರಲ್ಲಿ ನಾನು ಕೇಳಿದ್ದೆ, “ಸಂಖ್ಯಾಶಾಸ್ತ್ರ ಅಂದರೆ ಏನಮ್ಮಾ? ನಾನು ಓದಿದ್ದು ಆರನೇ ಕ್ಲಾಸು.”

“ನೂರು ಜನರಲ್ಲಿ ಎಷ್ಟು ಜನ ಹೀಗೆ, ಎಷ್ಟು ಜನ ಹಾಗೆ ಅಂತ ಹೇಳೋದು, ಅಮ್ಮ.”

“ಹೀಗಿರೋರು ಯಾರು ಅಂತ ಹೇಳುತ್ತಾ?”

“ಅದು ಹೇಳಲ್ಲ.”

ಅವಳ ತರಗತಿಯಲ್ಲಿ ಅರವತ್ತೆರಡು ಮಕ್ಕಳು. ಅವರಲ್ಲಿ ಒಬ್ಬಳು ಸ್ಫೂರ್ತಿ. ತಂದೆ ವೆಂಕಟಸುಬ್ಬಯ್ಯ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್, ತಾಯಿ ಸುಮಿತ್ರಾ, ಮನೆ ರಾಮಕೃಷ್ಣಪುರಂನ ಸರ್ಕಾರಿ ಕ್ವಾರ್ಟರ್ಸು. ಹುಡುಗಿ ಹುಟ್ಟಿದ್ದು ಬೆಳೆದದ್ದು ದೆಹಲಿಯಲ್ಲೇ; ಓಡಾಟ ದೂರವೆಂದು ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಕನ್ನಡ ಕೇಳುತ್ತಾಳೆ, ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಆದರೆ ಹಂಸಾ ಕನ್ನಡದವಳೆಂದು ತಿಳಿದ ಮೇಲೆ, ಪಾಠ ಮುಗಿದು ಎಲ್ಲರೂ ಹೊರಟಾಗ ಹಿಂದೆ ನಿಂತು, ತನಗೆ ಬಂದಷ್ಟು ಕನ್ನಡದಲ್ಲಿ ಎರಡು ಮಾತು ಆಡಿ ಹೋಗುತ್ತಿದ್ದಳು. ‘ಮ್ಯಾಮ್, ಇವತ್ತು ನಿಮ್ಮದು ಸೀರೆ ಚೆನ್ನಾಗಿದ್ದಾನೆ’ ಅಂದಳಂತೆ ಒಮ್ಮೆ. ಹಂಸಾ ಅದನ್ನು ನನಗೆ ಹೇಳಿ ನಕ್ಕಿದ್ದಳು. ಆಮೇಲೆ ಎಷ್ಟೋ ದಿನ ನಾನು ಅವಳ ಸೀರೆ ನೋಡಿದಾಗಲೆಲ್ಲ, ‘ಇವನು ಇವತ್ತು ಇಸ್ತ್ರಿ ಕಂಡಿಲ್ಲ’ ಎನ್ನುತ್ತಿದ್ದೆ.

ನವೆಂಬರಿನಲ್ಲಿ, ದೀಪಾವಳಿ ಕಳೆದು ಹೊಗೆ ಕವಿದುಕೊಂಡಿದ್ದ ದಿನಗಳಲ್ಲಿ, ಆ ಹುಡುಗಿ ಹಾಸ್ಟೆಲಿನಲ್ಲಿ ತನ್ನ ಜೀವ ತಾನೇ ತೆಗೆದುಕೊಳ್ಳಲು ನೋಡಿದಳು. ಪಕ್ಕದ ಕೋಣೆಯವಳು ಸಮಯಕ್ಕೆ ಬಾಗಿಲು ತಟ್ಟಿದಳು. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು, ಉಳಿದು, ಮನೆಗೆ ಹೋದಳು.

ವಿಶ್ವವಿದ್ಯಾಲಯದವರು ಒಂದು ಸಮಿತಿ ಮಾಡಿ, ಪಾಠ ಮಾಡುತ್ತಿದ್ದ ಎಲ್ಲರಿಂದಲೂ ಹೇಳಿಕೆ ಬರೆಸಿಕೊಂಡರು. ಹಂಸಾ ಬರೆದದ್ದು ಮೂರು ಸಾಲು. ಹುಡುಗಿ ಸೊರಗಿದಂತೆ ಕಂಡದ್ದರಿಂದ ಅಕ್ಟೋಬರಿನಲ್ಲಿ ಮೂರು ಬಾರಿ ಹೇಗಿದ್ದೀಯೆಂದು ಕೇಳಿದೆ. ಮೂರು ಬಾರಿಯೂ ಚೆನ್ನಾಗಿದ್ದೇನೆಂದು ಹೇಳಿದಳು. ಬೇರೇನೂ ಹೇಳಲಿಲ್ಲ. ಬರೆದುಕೊಟ್ಟು ಬಂದು ಆ ಮೂರು ಸಾಲನ್ನು ನನಗೆ ಓದಿ ಹೇಳಿದಳು. ಸುಳ್ಳು ಒಂದೂ ಇರಲಿಲ್ಲ. ನಾವಿಬ್ಬರೂ ಹಾಗೆಂದೇ ತಿಳಿದಿದ್ದೆವು.

ಆಮೇಲೆ ಹಂಸಾ ಅಳಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಏಳಕ್ಕೆ ಹೋದಳು, ಆರೂವರೆಗೆ ಬಂದಳು, ತಟ್ಟೆ ತೊಳೆದಿಟ್ಟಳು. ಡಿಸೆಂಬರಿನ ಒಂದು ಭಾನುವಾರ ಒಗೆದ ಬಟ್ಟೆ ತೆಗೆದುಕೊಳ್ಳಲು ತಾರಸಿಗೆ ಹೋದವಳು ಬರಲಿಲ್ಲ. ಹೋಗಿ ನೋಡಿದರೆ ಶಾಲಿಲ್ಲದೆ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ನಿಂತಿದ್ದಳು. ಕೈ ಮುಟ್ಟಿದೆ, ಕೊಳಾಯಿಯ ನೀರಿನ ಹಾಗಿತ್ತು.

“ಚಳಿ ಆಗ್ತಿಲ್ಲವೇನೇ?”

“ಗೊತ್ತಾಗಲಿಲ್ಲ, ಅಮ್ಮ.”

ತಂತಿಯ ಮೇಲಿನದನ್ನು ಮುಟ್ಟಿ ನೋಡಿ, “ಬಟ್ಟೆ ಒಣಗಿಲ್ಲ” ಅಂದಳು. ಕೆಳಗಿಳಿದೆವು.

ಅದೇ ವಾರ ವಿಶ್ವವಿದ್ಯಾಲಯದವರು ಅಧ್ಯಾಪಕರಿಗೆಲ್ಲ ಎರಡು ದಿನದ ತರಬೇತಿ ಇಟ್ಟರು. ಮಕ್ಕಳ ಮನಸ್ಸು ಕುಸಿದಾಗ ಅಧ್ಯಾಪಕರು ಏನು ಮಾಡಬೇಕು, ಏನು ಮಾಡಬಾರದು ಎಂದು ಕಲಿಸುವುದಕ್ಕೆ. ಹಾಜರಾತಿ ಕಡ್ಡಾಯ. ಕಲಿಸಲು ಬಂದವರು ಮನೋಜ್ ಎಂಬ ಹಿಂದಿಯವರು; ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯವರ ಜೊತೆ ಕೆಲಸ ಮಾಡಿದವರಂತೆ. ಅಲ್ಲಿ ನಡೆದದ್ದನ್ನೆಲ್ಲ ಹಂಸಾ ಸಂಜೆ ಬಂದು ನನಗೆ ಹೇಳಿದಳು. ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಎಂಜಿನಿಯರಿಂಗ್ ವಿಭಾಗದ ಹಿರಿಯರೊಬ್ಬರು ಎದ್ದು, “ನಾವು ಪಾಠ ಮಾಡಬೇಕೋ, ನರ್ಸ್ ಆಗಬೇಕೋ, ಒಂದು ಹೇಳಿಬಿಡಿ” ಅಂದರಂತೆ.

“ನರ್ಸ್ ಆಗಬೇಡಿ ಸರ್. ನರ್ಸ್ ಯಾವ ಕೋಣೆಯಲ್ಲಿ ಇದ್ದಾರೆ ಅಂತ ಗೊತ್ತಿರುವವರಾಗಿ, ಅಲ್ಲಿಯವರೆಗೆ ಜೊತೆಗೆ ನಡೆದುಹೋಗಿ. ಅಷ್ಟು ಸಾಕು” ಅಂದರಂತೆ ಮನೋಜ್.

ಹಸಿರು ಕಾಗದದ ಒಂದು ಹಾಳೆ ಕೊಟ್ಟಿದ್ದರು. ಹಂಸಾ ಅದನ್ನು ಊಟದ ಮೇಜಿನ ಮೇಲಿಟ್ಟು ಕನ್ನಡದಲ್ಲಿ ಹೇಳಿದಳು. ಬದಲಾವಣೆ ಕಂಡರೆ ಕರೆದು ಕೂರಿಸಿಕೊಂಡು ಕೇಳಿ. ಕೇಳಿದ ಮೇಲೆ ಸುಮ್ಮನಿರಿ, ಉತ್ತರ ಬರಲು ಜಾಗ ಬಿಡಿ. ಸಲಹೆ ಕೊಡಬೇಡಿ. ಎಲ್ಲ ಸರಿಹೋಗುತ್ತೆ ಅನ್ನಬೇಡಿ. ಸಾಯುವ ಯೋಚನೆ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಕೌನ್ಸೆಲರ್ ಹತ್ತಿರ ನೀವೇ ಕರೆದುಕೊಂಡು ಹೋಗಿ.

ಮನೆಯಲ್ಲಿ ಯಾರ ಜೊತೆಗಾದರೂ ಹತ್ತು ನಿಮಿಷ ಅಭ್ಯಾಸ ಮಾಡಿಕೊಂಡು ಬರಬೇಕಿತ್ತು. ಮನೆಯಲ್ಲಿ ಇದ್ದವಳು ನಾನು. ಬಟಾಣಿ ಸುಲಿಯುತ್ತಾ ಕೂತಿದ್ದೆ.

“ನೀವು ವಿದ್ಯಾರ್ಥಿನಿ, ಅಮ್ಮ.”

“ಆಗಲಿ. ಫೀಸು ಕಟ್ಟಿದ್ದೇನಾ?”

“ಕಟ್ಟಿದ್ದೀರಿ.” ಅವಳು ಕುರ್ಚಿ ಹತ್ತಿರ ಎಳೆದುಕೊಂಡು, ಕೈ ಮಡಿಲಲ್ಲಿಟ್ಟುಕೊಂಡಳು. “ನೀವು ಸ್ವಲ್ಪ ದಿನದಿಂದ ಬೇರೆ ಥರ ಕಾಣ್ತಿದ್ದೀರಿ. ಏನಾಗಿದೆ?”

ನಾನು ಯೋಚಿಸಿದೆ. “ಮೊಣಕಾಲು ಹಿಡಿದುಕೊಂಡಿದೆ, ಮೇಡಂ. ಮೆಟ್ಟಿಲು ಇಳಿಯೋಕಾಗಲ್ಲ. ಇಳಿಯೋಕಾಗಲ್ಲ ಅಂತ ಯಾರ ಮನೆಗೂ ಹೋಗಲ್ಲ. ನಾನು ಹೋಗಲ್ಲ ಅಂತ ಅವರೂ ಬರಲ್ಲ.”

“ಡಾಕ್ಟರಿಗೆ ತೋರಿಸಿದಿರಾ? ಆ ಎಣ್ಣೆ ಹಚ್ಚಿ ಅಂದರೆ ಹಚ್ಚಲ್ಲ ನೀವು.”

“ಸಲಹೆ ಕೊಡಬಾರದು ಅಂತಿತ್ತಲ್ಲ ಹಾಳೆಯಲ್ಲಿ.”

ಹಂಸಾ ಹಾಳೆ ನೋಡಿದಳು. ಒಂದು ನಿಮಿಷ ಸುಮ್ಮನೆ ಕೂತಳು. ಆ ಒಂದು ನಿಮಿಷ ಉದ್ದವಿತ್ತು. ಕೆಳಗೆ ಗಲ್ಲಿಯಲ್ಲಿ ಮೊಟ್ಟೆ ಭಯ್ಯಾನ ಗಾಡಿ ಬಂದದ್ದು, ನಿಂತದ್ದು, ಹೋದದ್ದು ಕೇಳಿಸಿತು. ಆಮೇಲೆ ನಾನು ನನಗೇ ಗೊತ್ತಿಲ್ಲದಂತೆ ಇನ್ನೂ ಎರಡು ಮಾತು ಹೇಳಿದೆ. ಅದು ಇಲ್ಲಿ ಬೇಡ. ಅವಳು ಎದ್ದು ಹಾಳೆ ಮಡಿಸಿಟ್ಟು, “ಸ್ಫೂರ್ತಿಗೆ ನಾನು ಈ ನಿಮಿಷ ಕೊಡಲಿಲ್ಲ. ಕಾರಿಡಾರಿನಲ್ಲಿ ನಿಂತುಕೊಂಡೇ ಕೇಳಿದ್ದು” ಎಂದಳು.

ಎರಡನೇ ದಿನ ಮನೋಜ್ ಒಂದು ಆಟದಂಥದ್ದು ಆಡಿಸಿದರಂತೆ. ಇಲ್ಲಿ ನಾನಾ ರಾಜ್ಯದವರಿದ್ದೀರಿ. ಹೇಗಿದ್ದೀಯ ಅಂತ ಕೇಳಿದರೆ, ಚೆನ್ನಾಗಿಲ್ಲದಿದ್ದರೂ ಮಕ್ಕಳು ಒಂದು ಮಾತು ಹೇಳಿ ತಪ್ಪಿಸಿಕೊಳ್ಳುತ್ತಾರಲ್ಲ, ಆ ಮಾತು ನಿಮ್ಮ ಭಾಷೆಯಲ್ಲಿ ಯಾವುದು, ಒಬ್ಬೊಬ್ಬರೇ ಹೇಳಿ. ಒಬ್ಬರು ‘ಠೀಕ್ ಹೂಂ’ ಅಂದರು. ಮಲಯಾಳದವರು ಒಬ್ಬರು, ಬಂಗಾಳದವರು ಒಬ್ಬರು ತಮ್ಮದು ಹೇಳಿದರು. ಹಂಸಾಳ ಸರದಿ ಬಂತು.

“ಪರವಾಗಿಲ್ಲ” ಅಂದಳು.

ಮನೋಜ್ ಕಿವಿಗೆ ಕೈ ಹಚ್ಚಿದರು. “ಪರ್ವಾ? ಪರ್ವಾ ಇಲ್ಲ? ಇಲ್ಲ ಅಂದರೆ ನಹೀ ಅಲ್ಲವೇ? ಪರ್ವಾ ನಹೀ? ಚೆನ್ನಾಗಿದ್ದೇನೆ ಅನ್ನೋದಕ್ಕೆ ನಿಮ್ಮಲ್ಲಿ ‘ನನಗೆ ಯಾವುದರ ಪರಿವೆಯೂ ಇಲ್ಲ’ ಅಂತಾರಾ, ಮೇಡಂ?”

ಸಭೆಯಲ್ಲಿ ಎಲ್ಲರೂ ನಕ್ಕರಂತೆ. ಮನೋಜ್ ಕೂಡ ತಮಾಷೆಗೇ ಹೇಳಿದ್ದು. ಆಮೇಲೆ ತಿಂಡಿಗೆ ಬಿಟ್ಟರು. ಹಂಸಾ ಕೂರುವುದನ್ನು ಮರೆತು ಅಲ್ಲೇ ನಿಂತಿದ್ದಳು. ಯಾರೋ ಕೈಗೆ ಸಮೋಸದ ತಟ್ಟೆ ಕೊಟ್ಟರು. ಅದನ್ನು ಹಾಗೇ ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದಳು.

ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, “ಅಮ್ಮ, ಪರವಾಗಿಲ್ಲ ಅನ್ನೋದರಲ್ಲಿ ‘ಗಿ’ ಹೋದರೆ ಏನಾಗುತ್ತೆ?”

“ಏನೂ ಆಗಲ್ಲ. ಆತುರದಲ್ಲಿ ನಾವೂ ನುಂಗ್ತೀವಿ. ಪರ್ವಾ ಇಲ್ಲ ಅಂತೀವಿ.”

“ನಾವು ನುಂಗಿದರೆ ಏನೂ ಆಗಲ್ಲ.” ಅವಳು ಗೋಡೆ ನೋಡುತ್ತಿದ್ದಳು. “ಆ ಹುಡುಗಿ ಯಾವತ್ತೂ ‘ಗಿ’ ಅಂದಿಲ್ಲ. ಹೇಗಿದ್ದೀಯ ಅಂದರೆ ಮೂರು ಸಲವೂ ಬಿಡಿಸಿ ಹೇಳಿದಳು. ಪರ್ವಾ, ಇಲ್ಲ. ಅವಳಿಗೆ ಕನ್ನಡ ಸರಿಯಾಗಿ ಬರಲ್ಲ ಅಂತ ನಾನೇ ಒಳಗೊಳಗೆ ತಿದ್ದಿಕೊಂಡು, ಚೆನ್ನಾಗಿದ್ದೇನೆ ಅಂದಳು ಅಂತ ಬರೆದುಕೊಟ್ಟೆ.”

ನಾನು ಒಲೆ ಆರಿಸಿದೆ.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸ್ಫೂರ್ತಿಗೆ ಔಷಧ ಕೊಡುತ್ತಿದ್ದ ಡಾಕ್ಟರು, ಜನವರಿಯಿಂದ ತರಗತಿಗೆ ಹೋಗಬಹುದು, ಹೋದರೆ ಒಳ್ಳೆಯದೇ ಎಂದು ಬರೆದುಕೊಟ್ಟಿದ್ದರು. ವಿಶ್ವವಿದ್ಯಾಲಯದವರು ಒಪ್ಪಲಿಲ್ಲ. ತನ್ನ ಸ್ಥಿತಿಯನ್ನು ಅಧ್ಯಾಪಕಿ ಮೂರು ಬಾರಿ ವಿಚಾರಿಸಿದರೂ ಚೆನ್ನಾಗಿದ್ದೇನೆಂದು ಹೇಳಿ ಮುಚ್ಚಿಟ್ಟ ವಿದ್ಯಾರ್ಥಿನಿಯ ಹೊಣೆ ಹೊರಲಾಗದು, ಒಂದು ವರ್ಷ ಮನೆಯಲ್ಲಿರಲಿ ಎಂದು ಕಾಗದ ಕಳಿಸಿದ್ದರು. ಸುಮಿತ್ರಾ ಆ ಕಾಗದದ ಫೋಟೊ ತೆಗೆದು ಹಂಸಾಳ ಫೋನಿಗೆ ಕಳಿಸಿದ್ದರು, ಕೆಳಗೆ ಒಂದೇ ಸಾಲು: ಮೇಡಂ, ನೀವು ಹೀಗೆ ಬರೆದಿದ್ದೀರಾ? ಹಂಸಾ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ.

ಈಗ ಹುಡುಗಿಯ ಒಂದು ವರ್ಷ ಹೋಗುವುದು, ಉಳಿಯುವುದು ಹಂಸಾಳ ಮೂರು ಸಾಲಿನ ಮೇಲೆ ನಿಂತಿತ್ತು. ಸಾಲು ತಿದ್ದಿದರೆ ಹುಡುಗಿ ಮುಚ್ಚಿಡಲಿಲ್ಲ ಎಂದಾಗುತ್ತದೆ. ಆದರೆ ಹುಡುಗಿ ಹೇಳಿದ್ದು ಅಧ್ಯಾಪಕಿಗೆ ಕೇಳಿಸಲಿಲ್ಲ ಎಂದೂ ಆಗುತ್ತದೆ. ಜೂನಿನಲ್ಲಿ ಹಂಸಾಳ ಕೆಲಸದ ಕಾಗದ ಹೊಸದಾಗಬೇಕು.

“ಅವಳು ಏನಂದಳು ಅಂತ ಮೊದಲು ಅವಳನ್ನೇ ಕೇಳಬೇಕು. ಇನ್ನೊಂದು ಸಲ ನಾನೇ ಅರ್ಥ ಮಾಡಿಕೊಂಡು ಬರೆಯಬಾರದು” ಅಂದಳು. “ನೀವು ಬರ್ತೀರಾ, ಅಮ್ಮ?”

ಶನಿವಾರ ಅವಳ ಕೈ ಹಿಡಿದು ಮೆಟ್ಟಿಲಿಳಿದೆ; ಆಟೊ ಮಾಡಿಕೊಂಡು ರಾಮಕೃಷ್ಣಪುರಂಗೆ ಹೋದೆವು. ಸುಮಿತ್ರಾ ಬಾಗಿಲು ತೆಗೆದರು. ನನಗೆ “ಬನ್ನಿ ಆಂಟಿ” ಅಂದರು, ಹಂಸಾಳಿಗೆ ಏನೂ ಅನ್ನಲಿಲ್ಲ. ವೆಂಕಟಸುಬ್ಬಯ್ಯನವರು ಸ್ವೆಟರಿನ ಮೇಲೆ ಮಫ್ಲರ್ ಸುತ್ತಿಕೊಂಡು, ಪ್ಲಾಸ್ಟಿಕ್ ಫೈಲೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸ್ಫೂರ್ತಿ ದಿವಾನದ ಮೂಲೆಯಲ್ಲಿ ರಜಾಯಿ ಹೊದ್ದು ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಕೈ ಕಾಲು ಸಣ್ಣದು, ಕಣ್ಣಿನ ಕೆಳಗೆ ಕಪ್ಪು.

ಹಂಸಾ ಕುರ್ಚಿಯನ್ನು ದಿವಾನದ ಹತ್ತಿರಕ್ಕೆ ಎಳೆದುಕೊಂಡಳು. ನಮ್ಮ ಮನೆಯ ಮೇಜಿನ ಬಳಿ ಮಾಡಿದ ಹಾಗೆಯೇ ಕೈ ಮಡಿಲಲ್ಲಿಟ್ಟುಕೊಂಡಳು.

“ಸ್ಫೂರ್ತಿ, ಅಕ್ಟೋಬರಿನಲ್ಲಿ ನಾನು ಹೇಗಿದ್ದೀಯ ಅಂತ ಕೇಳಿದಾಗ ನೀನು ಪರ್ವಾ ಇಲ್ಲ ಅಂದೆ. ಅಂದರೆ ಏನು?”

ಹುಡುಗಿ ತಾಯಿಯ ಕಡೆ ನೋಡಿದಳು. ಹಂಸಾ ಕಾದಳು. ಹೊರಗೆ ಪಾರ್ಕಿನಲ್ಲಿ ಮಕ್ಕಳು ಬ್ಯಾಡ್‌ಮಿಂಟನ್ ಆಡುತ್ತಿದ್ದ ಸದ್ದು ಬರುತ್ತಿತ್ತು.

“ಮತ್ಲಬ್… ಪರ್ವಾ ಇಲ್ಲ. ಪರ್ವಾ ನಹೀ ಹೈ,” ಅಂದಳು ಹುಡುಗಿ. “ಪಾಸ್ ಆದರೂ, ಫೇಲ್ ಆದರೂ. ಊಟ ಮಾಡಿದರೂ, ಇಲ್ಲದಿದ್ದರೂ. ಬದುಕಿದರೂ. ಯಾವುದೂ ಪರ್ವಾ ಇಲ್ಲ. ನಾನು ಹೇಳಿದೆನಲ್ಲ ಮ್ಯಾಮ್, ಕನ್ನಡದಲ್ಲೇ ಹೇಳಿದೆ. ಕ್ಲಾಸಲ್ಲಿ ಬೇರೆ ಯಾರಿಗೂ ಗೊತ್ತಾಗಬಾರದು ಅಂತ.”

“ನಾನು ಏನಂದೆ?”

“ಒಳ್ಳೆಯದು, ಹಾಗೇ ಇರು ಅಂದ್ರಿ. ನಗ್ತಾ ಇದ್ರಿ.” ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ, ಬಸ್ಸಿನ ನಂಬರು ಹೇಳಿದ ಹಾಗಿತ್ತು. “ತೋ, ಹಾಗೇ ಇದ್ದೆ.”

ಸುಮಿತ್ರಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. “ನನಗೂ ಫೋನಿನಲ್ಲಿ ಅದನ್ನೇ ಹೇಳ್ತಿದ್ದಳು,” ಅಂದರು. “ದಿನಾ. ಊಟ ಆಯ್ತಾ, ಹೇಗಿದ್ದೀಯ ಅಂದರೆ ಪರ್ವಾ ಇಲ್ಲ ಮಮ್ಮಿ. ಕನ್ನಡ ಮಾತಾಡ್ತಾಳಲ್ಲ ಅಂತ ನಾನು ಇವರಿಗೆ ಹೇಳ್ತಿದ್ದೆ.” ಹೇಳಿ ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದೇನೂ ಬರಲಿಲ್ಲ.

ಹಂಸಾ ಸಾರಿ ಎನ್ನಲಿಲ್ಲ. ಎಲ್ಲ ಸರಿಹೋಗುತ್ತೆ ಎನ್ನಲಿಲ್ಲ. “ಈಗಲೂ ಸಾಯುವ ಯೋಚನೆ ಬರುತ್ತಾ?” ಎಂದು ಕೇಳಿದಳು. ವೆಂಕಟಸುಬ್ಬಯ್ಯನವರ ಕೈಯಲ್ಲಿದ್ದ ಫೈಲು ಕಿರುಗುಟ್ಟಿತು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆ ಮಾತನ್ನು ಆಡಿರಲಿಲ್ಲವೆಂದು ಕಾಣುತ್ತದೆ.

“ಕಭೀ ಕಭೀ. ಮುಂಚಿನಷ್ಟು ಇಲ್ಲ. ಡಾಕ್ಟರ್‌ಗೆ ಹೇಳಿದೀನಿ.”

“ಬಂದ ದಿನ ಇವರಿಬ್ಬರಿಗೂ ಹೇಳ್ತೀಯಾ?”

ಹುಡುಗಿ ತಂದೆಯನ್ನು ನೋಡಿದಳು. “ಹೇಳಬಹುದಾ?” ಎಂದಳು.

“ಹೇಳು,” ಅಂದರು ವೆಂಕಟಸುಬ್ಬಯ್ಯನವರು. ಫೈಲನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ, “ಹೇಳಮ್ಮ. ಹಿಂದಿಯಲ್ಲೇ ಹೇಳು” ಅಂದರು.

ಹಂಸಾ ಬ್ಯಾಗಿನಿಂದ ಬಿಳಿ ಹಾಳೆ ತೆಗೆದು ಅಲ್ಲೇ ಟೀಪಾಯಿಯ ಮೇಲೆ ಬರೆದಳು. ಬರೆದದ್ದನ್ನು ಮೊದಲು ಹುಡುಗಿಗೆ ತೋರಿಸಿದಳು, ಹೀಗೇ ತಾನೇ ನೀನು ಹೇಳಿದ್ದು ಎಂದು. ಹುಡುಗಿ ತಲೆಯಾಡಿಸಿದಳು. ವೆಂಕಟಸುಬ್ಬಯ್ಯನವರು ಕನ್ನಡಕ ಹಾಕಿಕೊಂಡು ಓದಿದರು. ಮೂವತ್ತು ವರ್ಷ ಡ್ರಾಫ್ಟು ತಿದ್ದಿದ ಕೈ, ಸುಮ್ಮನಿರಲಿಲ್ಲ.

“ಇಲ್ಲಿ ‘ನಾನು ತಪ್ಪಾಗಿ ಅರ್ಥ ಮಾಡಿಕೊಂಡೆ’ ಅಂತ ಬೇಡ, ಮೇಡಂ. ‘ಭಾಷಾ ವ್ಯತ್ಯಾಸದಿಂದಾಗಿ ಗೊಂದಲವಾಯಿತು’ ಅಂತ ಹಾಕಿ. ಫೈಲಿನಲ್ಲಿ ತಪ್ಪು ಯಾರದ್ದೂ ಆಗಬಾರದು. ನಿಮಗೂ ತೊಂದರೆ ಇರಲ್ಲ, ನಮ್ಮ ಕೆಲಸವೂ ಆಗುತ್ತೆ.”

“ಗೊಂದಲ ಆಗಲಿಲ್ಲ, ಸರ್. ಅವಳು ಸರಿಯಾಗಿ ಹೇಳಿದಳು. ನಾನು ಕೂತು ಕೇಳಿಸಿಕೊಳ್ಳಲಿಲ್ಲ.”

“ಅದು ನಿಜ ಇರಬಹುದು. ಬರೆಯೋದು ಯಾಕೆ?”

“ಮೊದಲು ಬರೆದದ್ದೂ ನಿಜ ಅಂತಲೇ ಬರೆದಿದ್ದೆ.”

ಅವರು ಹಾಳೆ ಹಿಂದಕ್ಕೆ ಕೊಟ್ಟರು. ಸುಮಿತ್ರಾ ಚಹಾ ತಂದರು. ಮೊದಲ ಲೋಟ ಹಂಸಾಳ ಮುಂದೆ ಇಟ್ಟರು.

ಸೋಮವಾರ ಕಾಗದ ಕೊಟ್ಟಳು. ಸಮಿತಿಯ ಅಧ್ಯಕ್ಷರು ಓದಿ, “ಇದನ್ನು ಕೊಟ್ಟರೆ ಎಚ್ಚರಿಕೆ ಮೂರು ಸಲ ನಿಮಗೇ ಸಿಕ್ಕಿತ್ತು ಅಂತ ಆಗುತ್ತೆ, ಗೊತ್ತಿದೆಯಾ?” ಎಂದು ಕೇಳಿದರಂತೆ. ಗೊತ್ತಿದೆ ಅಂದಳಂತೆ. ಇನ್ನೊಮ್ಮೆ ಯೋಚಿಸಿ ಅಂದರಂತೆ. ಯೋಚಿಸಿದ್ದೇನೆ ಅಂದಳಂತೆ. ತರಬೇತಿ ಪಡೆದ ಅಧ್ಯಾಪಕರ ಹೆಸರುಗಳನ್ನು, ಮಕ್ಕಳು ಕಷ್ಟ ಹೇಳಿಕೊಳ್ಳಲು ಬರಬಹುದು ಎಂದು, ಮುಖ್ಯ ಕಟ್ಟಡದ ಬಾಗಿಲ ಬಳಿ ಬರೆದು ಹಾಕಿದರು. ಐವತ್ತೇಳು ಹೆಸರು. ಹಂಸಾಳದ್ದು ಇರಲಿಲ್ಲ. ಅದನ್ನು ಹೇಳುವಾಗ ಅವಳು ಚಪಾತಿಗೆ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ.

ಜನವರಿಯ ಮೂರನೇ ವಾರ ಸ್ಫೂರ್ತಿಗೆ ಬರಲು ಹೇಳಿದರು. ಹಾಸ್ಟೆಲ್ ಕೊಡಲಿಲ್ಲ, ಮನೆಯಿಂದ ಓಡಾಡಬಹುದು ಅಂದರು. ಅವಳು ರಾಮಕೃಷ್ಣಪುರಂನಲ್ಲಿ ಮೆಟ್ರೊ ಹತ್ತಿ ಬೊಟಾನಿಕಲ್ ಗಾರ್ಡನ್‌ನಲ್ಲಿ ಇಳಿಯುತ್ತಾಳೆ. ಹಂಸಾ ಹೋಗುವ ಗಾಡಿಯೂ ಅದೇ ನಿಲ್ದಾಣದ ಮೇಲೆ ಹೋಗುತ್ತದೆ. ಮೊದಲು ಇಳಿಯದೆ ಮುಂದೆ ಹೋಗುತ್ತಿದ್ದವಳು ಈಗ ಅಲ್ಲಿ ಇಳಿದು, ಹುಡುಗಿ ಬರುವವರೆಗೆ ನಿಂತು, ಮುಂದಿನ ಗಾಡಿ ಹತ್ತುತ್ತಾಳೆ. ಅದಕ್ಕೆಂದು ಆರೂಮುಕ್ಕಾಲಿಗೇ ಮನೆ ಬಿಡುತ್ತಾಳೆ.

“ಏನು ಮಾತಾಡ್ತೀರಿ ಇಬ್ಬರೂ?” ಎಂದು ಒಂದು ದಿನ ಕೇಳಿದೆ.

“ಜಾಸ್ತಿ ಏನಿಲ್ಲ. ಹೇಗಿದ್ದೀಯ ಅಂತೀನಿ. ಅವಳು ಏನೋ ಒಂದು ಹೇಳ್ತಾಳೆ. ಅಂದರೆ? ಅಂತೀನಿ.”

“ದಿನಾ ಹೇಳ್ತಾಳಾ?”

“ಕೆಲವು ದಿನ ಹೇಳ್ತಾಳೆ. ಕೆಲವು ದಿನ ಕಿಟಕಿ ಕಡೆ ತಿರುಗಿಕೊಳ್ತಾಳೆ. ಮೊನ್ನೆ, ‘ಮ್ಯಾಮ್, ಇವತ್ತು ಠೀಕ್, ಸಚ್ ಮೇ, ನಿಜವಾಗಿ ಠೀಕ್. “ಅಂದರೆ?” ಅಂತ ಕೇಳಬೇಡಿ’ ಅಂದಳು.”

“ನೀನು ಕೇಳಿದೆಯಾ?”

“ಕೇಳಿದೆ.”

ಜೂನಿನ ಕಾಗದದ ಸುದ್ದಿ ಇನ್ನೂ ಇಲ್ಲ. ನಿನ್ನೆ ಸಂಜೆ ಅವಳು ಬಂದು ಶಾಲು ತೆಗೆದಿಡುತ್ತಿದ್ದಾಗ, ಹೇಗಿದ್ದೀಯೇ ಎಂದು ನಾನೂ ಕೇಳಿದೆ.

“ಪರವಾಗಿಲ್ಲ, ಅಮ್ಮ.”

‘ಗಿ’ ಇತ್ತು. ಆದರೂ ಬಟಾಣಿಯ ಮೊರ ಪಕ್ಕಕ್ಕಿಟ್ಟು, ಅವಳಿಗೊಂದು ಕುರ್ಚಿ ಎಳೆದು, “ಅಂದರೆ?” ಎಂದೆ. ಅವಳು ಕೂತಳು. ಮೊಟ್ಟೆ ಭಯ್ಯಾನ ಗಾಡಿ ಬಂದು ಹೋಯಿತು. ನಾನು ಕಾಯುತ್ತಾ ಕೂತೆ.